ತಟ್ಟೆಯಲ್ಲಿ ಉಳಿದದ್ದು

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಬಾಲ್ಯದಲ್ಲಿ ಬಾಗಿಲಿನ ಸಂದಿಗೆ ಸಿಕ್ಕಿ ಜಜ್ಜಿಹೋಗಿದ್ದ ಬೆರಳು; ಉಗುರು ಅರ್ಧದಷ್ಟೇ ಬೆಳೆದು ನಿಂತಿತ್ತು. ರೋಗಿಯ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರುವ ಮೆತ್ತನೆಯ ಭಾಗವನ್ನು ಆ ಚಪ್ಪಟೆ ಬೆರಳಿನಿಂದ ಒತ್ತಿ, ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಕಣತಲೆ, ಆಮೇಲೆ ಕತ್ತಿನ ಬುಡದ ಎಲುಬು, ಆಮೇಲೆ ಭುಜ. ದೂರದಿಂದ ನೋಡುವವರಿಗೆ ಸಂತೆಯಲ್ಲಿ ಹಣ್ಣು ಆರಿಸುತ್ತಿರುವಂತೆ ಕಾಣುತ್ತಿತ್ತು. ಹಾಗೆಂದು ನಾನು ಒಮ್ಮೆ ಹೇಳಿದಾಗ ಅವರು ಅಲ್ಲಗಳೆಯಲಿಲ್ಲ. “ಹಣ್ಣಿಗೂ ಹಂಗ ನೋಡ್ಬೇಕ್ರೀ, ಮನಶ್ಯಾಗೂ ಹಂಗ ನೋಡ್ಬೇಕು. ಎರಡೂ ತಾವು ಸೊರಗೀವಿ ಅಂತ ಬಾಯಿ ಬಿಟ್ಟು ಹೇಳೂದಿಲ್ಲ” ಎಂದರು.

ಅವರು ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದೂರದಲ್ಲಿರುವ ಆಸ್ಪತ್ರೆಯಲ್ಲಿ ಆಹಾರತಜ್ಞೆಯಾಗಿದ್ದರು. ಧಾರವಾಡದವರು. ಅಲ್ಲಿ ಗೃಹವಿಜ್ಞಾನ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿಯ ಪರೀಕ್ಷೆಗಳನ್ನು ಮೊದಲಿನಿಂದ ಬರೆದು, ಎರಡು ದಶಕಗಳಿಗೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಮಹಡಿಗಳನ್ನು ಹತ್ತಿ ಇಳಿದವರು. ನಾನು ಕಂಡಾಗ ಐವತ್ತೆಂಟರ ಆಸುಪಾಸು. ಗಟ್ಟಿ ಮೈಕಟ್ಟು, ಬಿಳಿ ಕೋಟಿನ ಕೆಳಗೆ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿಸಿದ ಕುರ್ತಾ. ಅವರ ಹೆಸರು ಕೊರಳಿನ ಚೀಟಿಯಲ್ಲಿತ್ತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮೊದಲ ದಿನವೇ ಅವರನ್ನು ‘ಊಟದಮ್ಮ’ ಎಂದು ಕರೆದರು. ಆ ಹೆಸರೇ ಉಳಿಯಿತು.

ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಕಲಿಸಿದವನು. ಹೆಂಡತಿಯ ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದ ಮೇಲೆ ಮನೆಯ ಮತ್ತು ಮಗಳ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿದೆ. ಇಲ್ಲಿ ಇದನ್ನು ಹೇಳುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಯಾವ ಮಗುವೂ ಡಬ್ಬಿಯಲ್ಲಿ ಅನ್ನ ಉಳಿಸಿಕೊಂಡು ನನ್ನನ್ನು ದಾಟಿ ಹೋಗುವಂತಿರಲಿಲ್ಲ. ಖಾಲಿ ಡಬ್ಬಿ ತೋರಿಸಿದವರಿಗೆ ತಲೆದೂಗಿ ಒಪ್ಪಿಗೆ ಕೊಡುತ್ತಿದ್ದೆ. ಅದರಲ್ಲಿ ತಪ್ಪಿರಬಹುದೆಂದು ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ತೋರಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ, ಎಲ್ ಕಮೀನೊ ರಸ್ತೆಯ ಗ್ರೋಸರಿ ಅಂಗಡಿಯೊಂದರ ಮುಂದೆ, ಕಾರು ನಿಲ್ಲಿಸುವ ಜಾಗದ ಅಂಚುಗಲ್ಲಿಗೆ ಕಾಲು ತಾಗಿ ಅತ್ತೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಅದೇ ದಿನ ಆಯಿತು. ಐದನೆಯ ದಿನಕ್ಕೆ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದ್ದರು. ಆದರೆ ಹೊಲಿಗೆ ಹಾಕಿದ ಜಾಗ ಕೂಡಿಕೊಳ್ಳಲಿಲ್ಲ. ಆರನೆಯ ದಿನ ಅಲ್ಲಿ ಕೀವು ಕಾಣಿಸಿತು. ಔಷಧ ಬದಲಿಸಿದರು, ಗಾಯವನ್ನು ತೊಳೆದರು. ಅದು ಬಾಯಿ ತೆರೆದೇ ಇತ್ತು.

ಅತ್ತೆಗೆ ಊಟ ಮಾಡಿಸುವ ಹೊಣೆ ನನ್ನದಾಗಿತ್ತು. ಹೆಂಡತಿ ಮೆನ್ಲೋ ಪಾರ್ಕಿನ ಆಫೀಸಿನಿಂದ ಹೊರಟು ಫ್ರೀವೇ ದಾಟಿ ಬರುವಷ್ಟರಲ್ಲಿ ಸಂಜೆ ಆರೂವರೆ. ಮಧ್ಯಾಹ್ನದ ಟ್ರೇ ಹನ್ನೆರಡಕ್ಕೆ, ಸಂಜೆಯದು ಐದಕ್ಕೆ ಬರುತ್ತಿತ್ತು. ಎರಡಕ್ಕೂ ನಾನು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಹಾಜರಿರುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ತಿಳಿಸಬೇಕು. ಅತ್ತೆ ತಮ್ಮ ಜೀವಮಾನದಲ್ಲಿ ಗಂಡಸರ ಊಟವಾಗುವ ಮೊದಲು ಉಂಡವರಲ್ಲ. ಅಳಿಯನ ಎದುರಿನಲ್ಲಂತೂ ಬಾಯಿಗೆ ತುತ್ತು ಇಟ್ಟದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಸಾಂಟಾ ಕ್ಲಾರಾದ ಮನೆಯಲ್ಲಿಯೂ ನಾವೆಲ್ಲ ಎದ್ದ ಮೇಲೆ, ಅಡುಗೆಮನೆಯ ಕಟ್ಟೆಯ ಬಳಿ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಇದನ್ನು ನಾವು ಒಂದು ಸ್ವಭಾವವೆಂದು ಬಿಟ್ಟಿದ್ದೆವು.

ಆಸ್ಪತ್ರೆಯಲ್ಲಿ ಟ್ರೇ ಬಂದ ಕೂಡಲೇ ಅವರು ಅದನ್ನು ನನ್ನ ಕಡೆಗೆ ಸರಿಸುತ್ತಿದ್ದರು.

“ಮೊದ್ಲು ನೀವು ತೊಗೊಳಿ. ಬೆಳಗ್ಗೆಯಿಂದ ಇಲ್ಲೇ ಕೂತಿದೀರಿ.”

“ಇದು ನಿಮಗೆ ಬಂದಿರೋದು, ಅತ್ತೆ.”

“ನನಗೇನು ಅವಸರ? ಮಲಗಿರೋ ಜೀವ. ಆಮೇಲೆ ತಿಂತೀನಿ.”

ಎರಡು ಚಮಚ ತಿಂದು, ಹೊದಿಕೆಯ ಅಂಚಿನಿಂದ ಬಾಯಿ ಒರೆಸಿಕೊಂಡು, ಮುಖ ತಿರುಗಿಸುತ್ತಿದ್ದರು. ಟ್ರೇಯಲ್ಲಿ ಸ್ಯಾಂಡ್‌ವಿಚ್, ಬೇಯಿಸಿದ ತರಕಾರಿ, ಮೊಸರಿನ ಡಬ್ಬಿ, ಹಣ್ಣು ಹಾಗೆಯೇ ಇರುತ್ತಿದ್ದವು. ಅರ್ಧ ಗಂಟೆಯಲ್ಲಿ ಅವನ್ನು ಕಸಕ್ಕೆ ಸುರಿಯುತ್ತಾರೆಂಬುದು ನನಗೆ ಗೊತ್ತಿತ್ತು. ಮುಟ್ಟದ ಆಹಾರವನ್ನು ಕಸಕ್ಕೆ ಕಳಿಸುವುದು ನನ್ನಿಂದ ಆಗಲಿಲ್ಲ. ನಾನು ತಿಂದೆ. ನಾನು ತಿನ್ನುವುದನ್ನು ನೋಡಿ ಅತ್ತೆಗೆ ಸಮಾಧಾನವಾಗುತ್ತಿತ್ತು. ಟ್ರೇ ಒಯ್ಯಲು ಬಂದ ಸಹಾಯಕಿ ಖಾಲಿ ಪಾತ್ರೆಗಳನ್ನು ನೋಡಿ, “ಗುಡ್ ಜಾಬ್, ಗ್ರ್ಯಾಂಡ್ಮಾ!” ಎಂದು ಹೆಬ್ಬೆರಳು ಎತ್ತುತ್ತಿದ್ದಳು. ಅತ್ತೆ ನಗುತ್ತಿದ್ದರು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಪ್ರತಿ ಊಟಕ್ಕೂ ನಾಲ್ಕು ಮನೆಗಳಿದ್ದವು: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಅತ್ತೆಯ ಮುಂದೆ ದಿನವೂ ‘ಪೂರ್ತಿ’ ಎಂದು ದಾಖಲಾಗುತ್ತಿತ್ತು.

ಅವರು ತಿನ್ನುತ್ತಿದ್ದದ್ದು ಕಡಿಮೆ ಎಂದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಮಲಗಿದವರಿಗೆ ಹಸಿವು ಕಡಿಮೆ ಎಂದುಕೊಂಡಿದ್ದೆ. ಮನೆಯಿಂದ ಪಥ್ಯವೆಂದು ತಿಳಿಸಾರು, ಅಕ್ಕಿಯ ಗಂಜಿ, ನೀರುಮಜ್ಜಿಗೆ ಒಯ್ಯುತ್ತಿದ್ದೆ; ಅದರಲ್ಲಿ ಒಂದು ಲೋಟ ಕುಡಿಯುತ್ತಿದ್ದರು. ಸಂಜೆ ನನ್ನ ಹೆಂಡತಿ ಬಂದು ವಿಚಾರಿಸಿದರೆ, “ಚೆನ್ನಾಗಿ ಊಟ ಆಯ್ತು. ಬೇಕಾದ್ರೆ ನಿನ್ನ ಗಂಡನ್ನ ಕೇಳು” ಎನ್ನುತ್ತಿದ್ದರು. ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಟ್ರೇ ಖಾಲಿಯಾಯಿತು ಎನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ.

ಹನ್ನೆರಡನೆಯ ದಿನ ಶಸ್ತ್ರವೈದ್ಯರು ನಮ್ಮನ್ನು ಹೊರಗೆ ಕರೆದರು. ಗಾಯ ಮುಚ್ಚದಿರುವುದಕ್ಕೆ ಕಾರಣ ಸಿಗುತ್ತಿಲ್ಲ, ಬೇರೆ ಯಾವುದೋ ರೋಗ ಒಳಗೆ ಇರಬಹುದು, ಅದಕ್ಕಾಗಿ ಕೆಲವು ಪರೀಕ್ಷೆ ಮಾಡಿಸುತ್ತೇವೆ, ಮುಂದಿನ ಸೋಮವಾರದೊಳಗೆ ಸುಧಾರಿಸದಿದ್ದರೆ ಮತ್ತೆ ತೆರೆಯಬೇಕಾಗುತ್ತದೆ ಎಂದರು. ಎಪ್ಪತ್ತೆಂಟರ ದೇಹ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ತಾಳೀತೇ ಎಂದು ನನ್ನ ಹೆಂಡತಿ ಕೇಳಿದಳು. ಅವರು ಪರೀಕ್ಷೆಗಳ ಪಟ್ಟಿಯನ್ನು ಅವಳ ಕೈಗಿಟ್ಟರು. ಆ ಪರೀಕ್ಷೆಗಳಿಗಾಗಿ ಅತ್ತೆಯನ್ನು ಒಂದೇ ವಾರದಲ್ಲಿ ಮೂರು ಬಾರಿ ಉಪವಾಸ ಇಟ್ಟರು.

ಊಟದಮ್ಮ ಬಂದದ್ದು ಆ ವಾರದಲ್ಲಿ, ಒಂದು ಬುಧವಾರ ಬೆಳಿಗ್ಗೆ. ಬಾಗಿಲಲ್ಲೇ ನಿಂತು ಮೊದಲು ಅತ್ತೆಯ ಕೈಗಳನ್ನು ನೋಡಿದರು. ಸಲೈನಿನ ಸೂಜಿ ಬಲಗೈಯಲ್ಲಿತ್ತು. ಮಣಿಕಟ್ಟು ಬಾಗದಂತೆ ಹಲಗೆ ಕಟ್ಟಿದ್ದರು.

“ಅಮ್ಮಾರ, ಈ ಕೈಲೇ ಹೆಂಗ ಉಣ್ತೀರಿ?”

ಕನ್ನಡ ಕೇಳಿ ಅತ್ತೆಯ ಮುಖ ಅರಳಿತು. “ಅಯ್ಯೋ, ನೀವು ನಮ್ಮೋರೇ! ಎಡಗೈಲಿ ಉಣ್ಣಕ್ಕಾಗುತ್ತೇನಮ್ಮಾ? ಎರಡು ಚಮಚ ಅವರೇ ಬಾಯಿಗೆ ಇಡ್ತಾರೆ. ಅಳಿಯಂದಿರ ಕೈಲಿ ಇಡಿಸ್ಕೊಳೋದಕ್ಕೆ ನಾಚಿಕೆ ಆಗುತ್ತೆ.”

ಅಷ್ಟು ದಿನಗಳಲ್ಲಿ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಊಟದಮ್ಮ ಹೊರಗೆ ಹೋಗಿ ನರ್ಸನ್ನು ಕರೆತಂದರು. ಸೂಜಿ ಎಡಗೈಗೆ ಹೋಯಿತು. ಆಮೇಲೆ ಬಿಡುಗಡೆಯಾದ ಬಲಗೈಯನ್ನು ಹಿಡಿದು ತಮ್ಮ ಚಪ್ಪಟೆ ಬೆರಳಿನಿಂದ ಒತ್ತಿ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಕಂಪ್ಯೂಟರಿನ ಕಡೆಗೆ ನೋಡಿದರು. ಅದರಲ್ಲಿ ಊಟ ಪೂರ್ತಿ, ತೂಕ ಸರಿಯಾಗಿಯೇ ಇದೆ.

“ಕಾಲು ಬಾತಾವು. ತೂಕ ಅಂದ್ರ ಅದು ನೀರಿನ ತೂಕ” ಎಂದು ತಮಗೆ ತಾವೇ ಹೇಳಿಕೊಂಡು ನನ್ನ ಕಡೆ ತಿರುಗಿದರು. “ಅಮ್ಮಾರ ಕೈಯಾಗ ಬಳಿ ಇದ್ದೂವೇನು?”

ಎರಡು ಚಿನ್ನದ ಬಳೆಗಳಿದ್ದವು. ಶಸ್ತ್ರಚಿಕಿತ್ಸೆಗೆ ಮೊದಲು ಅವನ್ನು ತೆಗೆಯಲು ನರ್ಸು ಸೋಪು ಹಚ್ಚಿ ಕಾಲು ಗಂಟೆ ಹೆಣಗಾಡಿದ್ದಳು.

“ನಾಳೆ ತೊಗೊಂಡು ಬರ್ರಿ” ಎಂದು ಹೋದರು.

ಮರುದಿನ ನನ್ನ ಮಗಳು ಶಾಲೆ ಮುಗಿಸಿ ನನ್ನೊಡನೆ ಬಂದಿದ್ದಳು. ಬಳೆಗಳನ್ನು ಅವಳೇ ಅಜ್ಜಿಯ ಕೈಗೆ ಹಾಕಿದಳು. ಸೋಪು ಬೇಕಾಗಲಿಲ್ಲ. ಬೆರಳುಗಳ ಗಂಟನ್ನು ತಾಗದೆ ದಾಟಿದವು. ಊಟದಮ್ಮ ಅತ್ತೆಯ ಕೈಯನ್ನು ಮೇಲೆತ್ತಿದರು. ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಯ ಬಳಿ ನಿಂತವು. ಕೈಯನ್ನು ಕೆಳಗೆ ಇಳಿಸಿದರು. ಹೊದಿಕೆಯ ಮೇಲೆ ಬಿದ್ದವು.

“ಅಜ್ಜಿ, ದಿಸ್ ಈಸ್ ವೇ ಟೂ ಲೂಸ್” ಎಂದಳು ಮಗಳು. ಅತ್ತೆ ಬಳೆಗಳನ್ನು ದಿಂಬಿನ ಕೆಳಗೆ ಸೇರಿಸಿದರು.

ಅವರ ಕೆಲಸದ ಕ್ರಮವೊಂದನ್ನು ನಾನು ಆಗಲೇ ಗಮನಿಸಬೇಕಾಗಿತ್ತು. ಊಟ ಹೊತ್ತು ಬರುವ ಗಾಡಿಯ ಕಡೆಗೆ ಅವರು ನೋಡುತ್ತಲೂ ಇರಲಿಲ್ಲ. ಊಟ ಮುಗಿದ ಟ್ರೇಗಳನ್ನು ಹೊತ್ತು ಹಿಂದಿರುಗುವ ಗಾಡಿಯ ಪಕ್ಕದಲ್ಲಿ ನಿಂತು, ಒಂದೊಂದೇ ಮುಚ್ಚಳ ಎತ್ತಿ ನೋಡುತ್ತಿದ್ದರು. ಬೇರೆಯವರು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವ ಜಾಗದಲ್ಲಿ ಅವರು ಕನ್ನಡಕ ಹಾಕಿಕೊಳ್ಳುತ್ತಿದ್ದರು.

ಅದೇ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಗೆ, ಅವರು ನನ್ನನ್ನು ಆ ಗಾಡಿಯ ಬಳಿಗೆ ಕರೆದರು. ಅತ್ತೆಯ ಟ್ರೇಯನ್ನು ಹೊರಗೆಳೆದಿದ್ದರು. ಮೊಸರಿನ ಡಬ್ಬಿಯ ಬಾಯಿಗೆ ಅಂಟಿಸಿರುತ್ತಿದ್ದ ತಗಡಿನ ಹಾಳೆಯನ್ನು ಎತ್ತಿ ತೋರಿಸಿದರು. ಅದು ಒಂದೇ ಎಳೆತಕ್ಕೆ ಸೀಳದೆ ಕಿತ್ತುಬಂದಿತ್ತು. ನಾಲ್ಕು ಮಡಿಕೆಯಾಗಿ ಅಂಚಿಗೆ ಅಂಚು ಕೂಡಿಸಿ ಡಬ್ಬಿಯ ಕೆಳಗೆ ಇಡಲಾಗಿತ್ತು.

“ಇಷ್ಟು ನೀಟಾಗಿ ಮಡಚಿದವರು ಯಾರ್ರೀ, ಮಾಸ್ತರ್ರ?”

ನನ್ನ ಅಂಗಿಯ ಜೇಬಿನಲ್ಲಿ ಹಾಗೆಯೇ ಮಡಚಿದ ಕರವಸ್ತ್ರವಿತ್ತು. ಅವರ ದೃಷ್ಟಿ ಅಲ್ಲಿಗೆ ಹೋಗಿ ಬಂತು.

“ಮೊಸರು ಚಲೋ ಇತ್ತೇನು?”

“ಕಸಕ್ಕೆ ಹೋಗಬಾರದು ಎಂದು...”

“ಹೋಗ್ಲಿ ಬಿಡ್ರಿ! ಕಸಕ್ಕ ಹೋಗೂ ಮುಂದ ನಾ ನೋಡ್ತಿದ್ನಲ್ಲಾ?” ಅವರ ಧ್ವನಿ ಏರಲಿಲ್ಲ. “ಅಮ್ಮಾರು ಉಂಡಿಲ್ಲ ಅನ್ನೂದಕ್ಕ ಈ ದವಾಖಾನ್ಯಾಗ ಒಂದ ಸಾಕ್ಷಿ ಇತ್ತು. ಅದನ್ನ ನೀವು ದಿನಾ ಎರಡು ಹೊತ್ತು ತಿಂದೀರಿ.”

ಅವರು ಮುಂದುವರಿಸಿದರು: “ಡಾಕ್ಟರು ಏನಿಲ್ಲದ್ದನ್ನ ಹುಡುಕಲಿಕ್ಕೆ ಹತ್ಯಾರ. ಹುಡುಕಲಿಕ್ಕೆ ಉಪವಾಸ ಕೆಡವ್ಯಾರ. ಮೈಯಾಗ ಒಳಗಿಂದ ಕೂಡೂದಕ್ಕ ಏನೂ ಇಲ್ಲ, ಗಾಯ ಹೆಂಗ ಕೂಡಬೇಕು?”

ಇದನ್ನು ಬರೆಯುವಾಗ ನನ್ನ ಶಾಲೆಯ ಒಬ್ಬ ವಿದ್ಯಾರ್ಥಿನಿಯ ನೆನಪಾಗುತ್ತದೆ. ನನಗೆ ಖಾಲಿ ಡಬ್ಬಿ ತೋರಿಸಿ ಒಪ್ಪಿಗೆ ಪಡೆದವಳ ಕಂಪಾಸು ಪೆಟ್ಟಿಗೆಯಲ್ಲಿ ಅದೇ ಮಧ್ಯಾಹ್ನ ಚಿತ್ರಾನ್ನ ಸಿಕ್ಕಿತ್ತು. ನಾನು ಅವಳನ್ನು ಸುಳ್ಳಿಗಾಗಿ ದಂಡಿಸಿದೆ. ಏಕೆ ಉಣ್ಣಲಿಲ್ಲ ಎಂದು ಕೇಳಲಿಲ್ಲ.

ಊಟದಮ್ಮ ನನ್ನ ತಪ್ಪನ್ನು ಅಲ್ಲಿಗೆ ಬಿಟ್ಟು ಕೆಲಸಕ್ಕೆ ತೊಡಗಿದರು. ಅವರು ಹೇಳಿದ ಕ್ರಮ ಹೀಗಿತ್ತು. ನಾನು ನನ್ನ ಡಬ್ಬಿಯನ್ನು ಮನೆಯಿಂದ ತರಬೇಕು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅತ್ತೆಯ ಎದುರಿಗೆ ಕುಳಿತು ಉಣ್ಣಬೇಕು. ಉಂಡಾಯಿತು ಎಂದು ಬಾಯಿ ಬಿಟ್ಟು ಹೇಳಬೇಕು. ಟ್ರೇ ಬರುವ ಹೊತ್ತಿಗೆ ಕೋಣೆಯಲ್ಲಿ ನಾನು ಇರಕೂಡದು.

“ಅವರ ಪದ್ಧತಿ ಬದಲ್ ಮಾಡೋದಕ್ಕ ಈಗ ನಮಗ ಟೈಮಿಲ್ರೀ. ಅದರ ಕೂಡ ಹೊಂದ್ಕೊಂಡು ಹೋಗೂಣು” ಎಂದರು.

ನೀರುಮಜ್ಜಿಗೆ, ತಿಳಿಸಾರು ಕೂಡಲೇ ನಿಂತವು. “ಪಥ್ಯ ಅಂತ ನೀರು ಕುಡಿಸಿ ಹೊಟ್ಟಿ ತುಂಬಿಸಬ್ಯಾಡ್ರಿ. ಹೊಟ್ಟೀನೂ ತುಂಬ್ತದ, ಮೈಗೂ ಏನೂ ಸಿಗೂದಿಲ್ಲ.” ಅದರ ಬದಲು ತುಪ್ಪ ಹಾಕಿದ ಹೆಸರುಬೇಳೆ ತೊವ್ವೆ, ಗಟ್ಟಿ ಮೊಸರು, ಹಾಲಿನಪುಡಿ ಕಲಸಿದ ರಾಗಿಗಂಜಿ, ಒಂದು ಸಣ್ಣ ಬಟ್ಟಲಿನಷ್ಟು, ದಿನಕ್ಕೆ ಆರು ಬಾರಿ. ನನ್ನ ಹೆಂಡತಿ ಉತ್ಸಾಹದಿಂದ ಮೊದಲ ದಿನವೇ ದೊಡ್ಡ ಡಬ್ಬಿ ತುಂಬಿ ತಂದಾಗ ಅವರು ತಡೆದರು. ಬಹಳ ದಿನ ಉಣ್ಣದವರಿಗೆ ಒಮ್ಮೆಲೇ ತುಂಬಿದರೆ ಅಪಾಯ, ರಕ್ತದಲ್ಲಿಯ ಲವಣಗಳು ಏರುಪೇರಾಗುತ್ತವೆ ಎಂದು ವಿವರಿಸಿ, ದಿನವೂ ರಕ್ತ ಪರೀಕ್ಷೆ ಮಾಡಿಸಿ, ಆಹಾರವನ್ನು ಚೂರುಚೂರೇ ಏರಿಸಿದರು. ಉಳಿದಿದ್ದ ಒಂದು ಪರೀಕ್ಷೆಯನ್ನು ಬೆಳಗಿನ ಮೊದಲ ಸರದಿಗೆ ಹಾಕಿಸಿದರು. ಮಧ್ಯಾಹ್ನದ ಊಟ ತಪ್ಪಲಿಲ್ಲ. ಅದಕ್ಕಾಗಿ ಅವರು ಫೋನಿನಲ್ಲಿ ಯಾರೊಡನೆಯೋ ಮಾತಾಡಿದ ಇಂಗ್ಲಿಷು ಅವರ ಕನ್ನಡಕ್ಕಿಂತ ಖಾರವಾಗಿತ್ತು.

ಅವರು ಎಂದೂ ಅತ್ತೆಯನ್ನು “ಊಟ ಆಯ್ತಾ?” ಎಂದು ಕೇಳಲಿಲ್ಲ. ನಾನು ಕೇಳಿದ್ದನ್ನು ಒಮ್ಮೆ ಕೇಳಿಸಿಕೊಂಡು ನಕ್ಕರು.

“ಹಂಗ ಕೇಳಿದ್ರ ನಮ್ಮ ಮಂದಿ ಆತು ಅಂತಾರ. ಊಟ ಆಗಿರ್ಲಿ, ಬಿಡ್ಲಿ. ನಮಸ್ಕಾರಕ್ಕ ತಿರುಗಿ ನಮಸ್ಕಾರ ಮಾಡಿದಂಗ. ಏನು ಉಳೀತು ಅಂತ ಕೇಳ್ರಿ. ಅದಕ್ಕ ಖರೆ ಉತ್ತರ ಬರ್ತದ.”

ಮಧ್ಯಾಹ್ನ ಕೋಣೆಗೆ ಬಂದು, ಮುಚ್ಚಳ ಎತ್ತಿ, “ಅಮ್ಮಾರ, ಏನು ಉಳೀತು?” ಎನ್ನುತ್ತಿದ್ದರು. ಅತ್ತೆ ಶಾಲೆಯ ಹುಡುಗಿಯಂತೆ ಒಪ್ಪಿಸುತ್ತಿದ್ದರು: “ಬೇಳೆ ಹೋಯ್ತು. ಮೊಸರು ಅರ್ಧ ಹೋಯ್ತು. ಆ ಹಸಿರು ಪಲ್ಯ ಮಾತ್ರ ಆಗಲ್ಲಮ್ಮಾ, ಹುಲ್ಲು ತಿಂದ ಹಾಗಿದೆ.”

“ಬ್ಯಾಡ ಬಿಡ್ರಿ. ನನಗೂ ಸೇರೂದಿಲ್ಲ.”

ಸೋಮವಾರ ಬಂತು. ಊಟದಮ್ಮ ಶಸ್ತ್ರವೈದ್ಯರಿಗೆ ಹಿಂದಿನ ದಿನಗಳ ದಾಖಲೆ ಸುಳ್ಳೆಂದು ಬರೆದುಕೊಟ್ಟು ಹತ್ತು ದಿನ ಕೇಳಿದ್ದರು. ಸುಳ್ಳಾಗಿದ್ದು ಯಾರಿಂದ ಎಂದು ಬರೆದಿರಲಿಲ್ಲ; ‘ಕುಟುಂಬದ ಊಟದ ಪದ್ಧತಿಯಿಂದ’ ಎಂದಷ್ಟೇ ಇತ್ತು. ವೈದ್ಯರು ಒಂದು ವಾರ ಕೊಟ್ಟರು. ಆರನೆಯ ದಿನ, ಪಟ್ಟಿ ಬದಲಿಸುತ್ತಿದ್ದ ನರ್ಸು ಗಾಯದ ಅಂಚಿನಲ್ಲಿ ತೆಳ್ಳಗೆ ಕೆಂಪಾದ ಹೊಸ ಚರ್ಮವನ್ನು ನಮಗೆ ತೋರಿಸಿದಳು. ಎರಡನೆಯ ಶಸ್ತ್ರಚಿಕಿತ್ಸೆ ನಡೆಯಲಿಲ್ಲ. ಒಳಗೆ ಯಾವ ರೋಗವೂ ಸಿಗಲಿಲ್ಲ. ಮತ್ತೂ ಮೂರು ವಾರಗಳ ನಂತರ ಅತ್ತೆ ನಡೆಗೋಲು ಹಿಡಿದು ಮನೆಗೆ ಬಂದರು. ಬಳೆಗಳು ಬಿಗಿಯಾಗಲು ವರ್ಷ ಹಿಡಿಯಿತು.

ಮನೆಗೆ ಬಂದ ದಿನ ನಾನು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, “ಸ್ಯಾಂಡ್‌ವಿಚ್ ನಿಮಗೆ ಸೇರಲ್ಲ ಅಲ್ವಾ?” ಎಂದಳು. ಸೇರುವುದಿಲ್ಲ ಎಂದೆ. “ಅಷ್ಟಾದ್ರೂ ಕಷ್ಟಪಟ್ಟಿದೀರಲ್ಲ” ಎಂದಳು. ಅದು ಕ್ಷಮೆಯೋ ಅಲ್ಲವೋ ಇಂದಿಗೂ ತಿಳಿಯದು.

ಊಟದಮ್ಮ ನನಗೊಂದು ಕೆಲಸ ಹಚ್ಚಿದರು. ಆಸ್ಪತ್ರೆಗೆ ಬರುವ ಕನ್ನಡದ ಕುಟುಂಬಗಳಿಗೆ ಕೊಡಲು ಒಂದು ಪುಟದ ಸೂಚನೆ ಬೇಕಾಗಿತ್ತು. ನಾನು ಎರಡು ದಿನ ಕುಳಿತು ಬರೆದೆ. ಅವರು ಅದನ್ನು ಕೆಫೆಟೇರಿಯಾದಲ್ಲಿ ನಿಂತುಕೊಂಡೇ ಓದಿದರು.

“ಮಾಸ್ತರ್ರ, ಇದು ಶಾಸನ ಇದ್ದಂಗ ಅದ. ಓದಿ ಮುಗಿಸೂದ್ರಾಗ ಊಟ ಆರಿಹೋಗ್ತದ.”

“ವಾಕ್ಯಗಳಲ್ಲಿ ದೋಷವಿಲ್ಲ” ಎಂದೆ.

“ದೋಷ ಇಲ್ರೀ. ಉಸಿರು ಇಲ್ಲ.”

ಮೂರು ಬಾರಿ ತಿದ್ದಿದ ಮೇಲೆ ಉಳಿದ ಮೊದಲ ಸಾಲುಗಳು ಇವು: ‘ರೋಗಿಯ ತಟ್ಟೆಯಲ್ಲಿ ಉಳಿದದ್ದನ್ನು ನೀವು ತಿನ್ನಬೇಡಿ. ಚೆಲ್ಲಬೇಡಿ. ಹಾಗೇ ಬಿಡಿ. ಅದನ್ನು ನಾವು ನೋಡಬೇಕು.’ ನಾನು ಬರೆದ ಗದ್ಯದಲ್ಲಿ ಅತಿ ಹೆಚ್ಚು ಜನ ಓದಿದ್ದು ಬಹುಶಃ ಇದೇ. ಹಾಳೆಯ ಕೆಳಗೆ ನನ್ನ ಹೆಸರು ಹಾಕಿಸಲೇ ಎಂದು ಅವರು ಕೇಳಿದರು. ಬೇಡವೆಂದೆ. “ಮಡಚಿ ಕೊಡೂ ಕೆಲಸಾರ ಮಾಡ್ರಿ. ಅದರಾಗ ನಿಮ್ಮ ಕೈ ಪಳಗ್ಯದ” ಎಂದು ನೂರು ಪ್ರತಿಗಳನ್ನು ನನ್ನ ಮುಂದಿಟ್ಟರು.

ಆಮೇಲಿನ ಮೂರು ವರ್ಷ ಪರಿಚಯ ಮುಂದುವರಿಯಿತು. ಅವರಿಗೆ ಹೊಗಳಿಕೆ ಹಿಡಿಸುತ್ತಿರಲಿಲ್ಲ. ಯಾರ ಮನೆಯಲ್ಲಿಯಾದರೂ ಬಡಿಸುವವರು ಒತ್ತಾಯ ಮಾಡಿದರೆ, ಒತ್ತಾಯಕ್ಕೆ ಒಳಗಾದವರ ಪರವಾಗಿ ಮಾತಾಡುತ್ತಿದ್ದರು. ಗ್ರೋಸರಿಯ ಸಾಲಿನಲ್ಲಿ ನಿಂತಾಗಲೂ ಮುಂದಿರುವ ವೃದ್ಧರ ಕಣತಲೆ ನೋಡುತ್ತಿದ್ದರು. ವಿಶೇಷ ಸ್ನೇಹದ ಮಾತುಗಳು ನಮ್ಮ ನಡುವೆ ನಡೆದದ್ದು ನೆನಪಿಲ್ಲ.

ಕಳೆದ ವರ್ಷ ಅವರ ಹೊಟ್ಟೆಯೊಳಗೆ ಗಡ್ಡೆ ಇರುವುದು ತಿಳಿಯಿತು. ಆರು ತಿಂಗಳ ಚಿಕಿತ್ಸೆಯ ನಂತರ ಅವರೇ ಸಾಕೆಂದು ನಿಲ್ಲಿಸಿ ಮೌಂಟನ್ ವ್ಯೂನ ತಮ್ಮ ಅಪಾರ್ಟ್‌ಮೆಂಟಿಗೆ ಮರಳಿದರು. ಸುದ್ದಿ ತಿಳಿದು ಅತ್ತೆ ಹೆಸರುಬೇಳೆ ತೊವ್ವೆ ಮಾಡಿ, ಸಣ್ಣ ಬಟ್ಟಲಿಗೆ ಹಾಕಿ, ನನ್ನ ಕೈಗೆ ಕೊಟ್ಟರು.

ಬಾಗಿಲು ತೆರೆದವರು ಅವರ ಪತಿ, ಚಿಪ್ ಕಂಪನಿಯೊಂದರಿಂದ ನಿವೃತ್ತರಾದ ಮೃದುಮಾತಿನ ಎಂಜಿನಿಯರು. ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿದ್ದರು. ದಿನ, ಹೊತ್ತು, ಉಂಡದ್ದು ಎಂದು ಮೂರು ಅಂಕಣ. ಮೂರನೆಯದರಲ್ಲಿ ಪ್ರತಿ ಸಾಲಿನಲ್ಲಿಯೂ ‘ಚೆನ್ನಾಗಿ’ ಎಂದಿತ್ತು.

ಊಟದಮ್ಮ ಕಿಟಕಿಯ ಬಳಿಯ ಹಾಸಿಗೆಯಲ್ಲಿದ್ದರು. ಕೈ ಚಾಚಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಗ ಗುಳಿಬಿದ್ದಿತ್ತು. ನನ್ನ ಬೆರಳು ಅಲ್ಲಿ ನಿಂತದ್ದನ್ನು ಅವರು ಗಮನಿಸಿದರು.

“ಒತ್ತಿ ನೋಡಬ್ಯಾಡ್ರಿ. ನಾ ನೋಡ್ಕೊಂಡೀನಿ.”

ತೊವ್ವೆಯನ್ನು ಅವರ ಪತಿ ಬಿಸಿಮಾಡಿ ತಂದು, “ಸ್ವಲ್ಪ ತೊಗೊ. ಮಧ್ಯಾಹ್ನ ಚಲೋ ಉಂಡಿದ್ದಿ, ಹಂಗ ಉಣ್ಣು” ಎಂದು ಚಮಚ ಹಿಡಿದರು. ಅವರು ಎರಡು ಬಾರಿ ನುಂಗಿದರು. ಮೂರನೆಯದಕ್ಕೆ ತುಟಿ ತೆರೆಯಲಿಲ್ಲ. ಪತಿ ಬಟ್ಟಲನ್ನು ಇಟ್ಟು, ಮುಖ ಮರೆಸಿಕೊಳ್ಳುವಂತೆ ನೀರು ತರಲು ಒಳಗೆ ಹೋದರು.

“ಇವರು ಪಾಪ, ದಿನಾ ಚಲೋ ಉಂಡಿ ಅಂತಾರ. ಹಂಗ ಬರ್ದೂ ಇಡ್ತಾರ” ಎಂದರು ಊಟದಮ್ಮ. “ನೀವು ಹೇಳ್ರಿ, ಮಾಸ್ತರ್ರ. ಏನು ಉಳೀತು?”

ನಾನು ಬಟ್ಟಲನ್ನು ನೋಡಿದೆ. “ಎರಡು ಚಮಚ ಹೋಗಿದೆ. ಉಳಿದದ್ದು ಹಾಗೇ ಇದೆ.”

ಅವರು ತಲೆಯಾಡಿಸಿದರು. ನಾನು ಉತ್ತರವನ್ನು ಸರಿಯಾಗಿ ಒಪ್ಪಿಸಿದಂತೆ ಆ ಮುಖದಲ್ಲಿ ಒಂದು ನೆಮ್ಮದಿಯಿತ್ತು.

“ಅಮ್ಮಾರದು ಬ್ಯಾರೆ ಇತ್ತು. ಅವರ ಮೈ ಬೇಡ್ತಿತ್ತು, ನಾವು ಕೊಟ್ಟಿರಲಿಲ್ಲ. ನನ್ನ ಮೈ ಈಗ ಬೇಡೂದಿಲ್ರೀ. ಉಣ್ಣಲಾರದ್ದಕ್ಕ ನಾ ಹೊಂಟಿಲ್ಲ. ಹೊಂಟೀನಿ, ಅದಕ್ಕ ಊಟ ನಿಂತದ. ಎರಡರಾಗ ಫರಕ್ ಯಾವುದು ಅಂತ ನೋಡೂದ ನನ್ನ ಕೆಲಸ ಇತ್ತು.” ಉಸಿರು ತೆಗೆದುಕೊಂಡರು. “ಇದನ್ನ ಇವರಿಗೆ ಹೇಳ್ರಿ. ನಾ ಹೇಳಿದ್ರ ಅಳ್ತಾರ. ತಾವು ಉಣಿಸಲಿಲ್ಲ ಅಂತ ಆಮ್ಯಾಲೆ ಜನ್ಮಪೂರ್ತಿ ಅನ್ಕೋಬಾರದು.”

ನಾನು ಹೇಳಿದೆ, ಅಡುಗೆಮನೆಯಲ್ಲಿ, ಅವರು ಹೇಳಿದ ಕ್ರಮದಲ್ಲಿಯೇ, ಒಂದು ಮಾತನ್ನೂ ತಿದ್ದದೆ. ಆ ಮನುಷ್ಯ ಫ್ರಿಜ್ಜಿನ ಬಳಿಗೆ ನಡೆದರು. ಆಮೇಲೆ ಪೆನ್ನು ತೆಗೆದು, ಆ ದಿನದ ಸಾಲಿನಲ್ಲಿ ‘ಎರಡು ಚಮಚ’ ಎಂದು ಬರೆದರು.

ಊಟದಮ್ಮ ಒಂಬತ್ತು ದಿನಗಳ ನಂತರ ತೀರಿಕೊಂಡರು.

ಹದಿಮೂರನೆಯ ದಿನದ ಊಟ ಅವರ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ನಡೆಯಿತು. ತಗಡಿನ ದೊಡ್ಡ ತಟ್ಟೆಗಳಲ್ಲಿ ಕೇಟರಿಂಗ್‌ನವರ ಅಡುಗೆ, ಕಾಗದದ ತಟ್ಟೆ, ಒಂದು ಮೂಲೆಯಲ್ಲಿ ಆಸ್ಪತ್ರೆಯಿಂದ ಬಂದ ಐದಾರು ನರ್ಸುಗಳು. ಅವರ ಪತಿ ಗೋಡೆಯ ಬದಿಯ ಕುರ್ಚಿಯಲ್ಲಿದ್ದರು. ಬಂದವರೆಲ್ಲ ಅವರ ಹೆಗಲು ಮುಟ್ಟಿ, “ನಿಮ್ದು ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಅವರು ಪ್ರತಿಯೊಬ್ಬರಿಗೂ “ಆತ್ರೀ, ಆತು” ಎನ್ನುತ್ತಿದ್ದರು. ಕೇಳಿದವರು ಸಮಾಧಾನದಿಂದ ಮುಂದೆ ಹೋಗುತ್ತಿದ್ದರು.

ಅವರ ಕುರ್ಚಿಯ ಕೆಳಗೆ ಒಂದು ಕಾಗದದ ತಟ್ಟೆಯಿತ್ತು. ಅದರ ಮೇಲೆ ಇನ್ನೊಂದು ತಟ್ಟೆಯನ್ನು ಮಗುಚಿ ಮುಚ್ಚಿದ್ದರು. ನಾನು ಬಗ್ಗಿ ಮೇಲಿನದನ್ನು ಎತ್ತಿದೆ. ಬಡಿಸಿದ್ದು ಬಡಿಸಿದಂತೆ ಇತ್ತು. ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗಿತ್ತು.

ಅವರು ನನ್ನನ್ನು ನೋಡಿದರು. ನಾನು ಕೇಳಿದೆ.

“ಏನು ಉಳಿಯಿತು?”

ಅವರು ತಟ್ಟೆಯ ಕಡೆಗೆ ಬಗ್ಗಿ ನೋಡಿದರು.

“ಎಲ್ಲಾನೂ” ಎಂದರು. “ಉಂಡು ಮೂರು ದಿನ ಆತ್ರೀ.”

ನಾನು ಆ ತಟ್ಟೆಯನ್ನು ಮುಟ್ಟಲಿಲ್ಲ, ಖಾಲಿಯನ್ನೂ ಮಾಡಲಿಲ್ಲ. ಒಂದು ಸಣ್ಣ ಬಟ್ಟಲು ಹುಡುಕಿ, ಅದರ ತಳ ಮುಚ್ಚುವಷ್ಟು ಮೊಸರನ್ನ ಅವರಿಗೆಂದು ಹಾಕಿಕೊಂಡು ಬಂದು, ಇನ್ನೊಂದು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದು ಕುಳಿತೆ.